ಸೊಳ್ಳೆಯ ಪಾಪ ಯಾರಿಗೆ?

ಕಾರವಾರದ ನಮ್ಮ ಕೇರಿಯಲ್ಲಿ ಒಬ್ಬ ಗೃಹಸ್ಥರಿದ್ದಾರೆ. ಸೊಳ್ಳೆಯನ್ನೂ ಹೊಡೆಯಲಾರರು, ಕೈ ಬೀಸಿ ಓಡಿಸುತ್ತಾರೆ. “ನಾವು ಕೊಡಲಾರದ ಜೀವವನ್ನು ತೆಗೆಯಲು ನಾವು ಯಾರು, ಮಾಸ್ತರೇ?” ಎಂದು ನನ್ನನ್ನು ಕೇಳುತ್ತಾರೆ. ಪ್ರಶ್ನೆ ದೊಡ್ಡದೇ. ಆದರೆ ಅವರ ಹಿತ್ತಿಲಿನ ನೀರುತೊಟ್ಟಿಗೆ ಮುಚ್ಚಳವಿಲ್ಲ. ಕಳೆದ ಮಳೆಗಾಲದಲ್ಲಿ ಅದರ ತುಂಬ ಸೊಳ್ಳೆಯ ಮರಿಹುಳುಗಳು ಕುಣಿಯುತ್ತಿದ್ದವು. ಪಕ್ಕದ ಮನೆಯ ಹುಡುಗ ಡೆಂಗ್ಯೂ ಬಂದು ಆಸ್ಪತ್ರೆ ಸೇರಿದ. ಜ್ವರ ಆ ತೊಟ್ಟಿಯಿಂದಲೇ ಬಂತೆಂದು ನಾನು ಸಾಧಿಸಲಾರೆ. ಅಲ್ಲವೆಂದು ಅವರೂ ಸಾಧಿಸಲಾರರು.

ಇನ್ನೊಬ್ಬರು ಅಂಕೋಲೆಯಲ್ಲಿರುವ ನನ್ನ ಬಂಧುಗಳು. ಅವರಿಗೆ ಆರು ಕಾಲಿನದೆಲ್ಲ ವೈರಿ. ಹೊಸ್ತಿಲಲ್ಲಿ ಸಾಲುಹೋಗುವ ಇರುವೆಗೂ ವಿಷ. ಕರಿ ಇಶಾಡು ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿಗೂ ವಿಷ. ಎಲೆ ತಿನ್ನುವ ಹುಳುಗಳನ್ನು ಹಿಡಿದು ಮರ ಕಾಯುವುದೇ ಆ ಚಗಳಿ ಎಂದರೆ ಕೇಳುವ ವ್ಯವಧಾನ ಅವರಿಗಿಲ್ಲ.

ಇಬ್ಬರಲ್ಲಿ ಯಾರು ಅಹಿಂಸಕರು? ಇಬ್ಬರೂ ಅಲ್ಲವೆಂಬುದೇ ನನ್ನ ವಾದ.

ಕೊಲ್ಲಲೇಬಾರದೆನ್ನುವವರು ಈ ಜಿಲ್ಲೆಯ ಚರಿತ್ರೆಯನ್ನು ಮರೆಯಬಾರದು. ಮಲೇರಿಯಾ ಇಲ್ಲಿನ ಹಳ್ಳಿಗಳನ್ನು ಹಿಂಡುತ್ತಿದ್ದ ಕಾಲವೊಂದಿತ್ತು. ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1946ರಲ್ಲಿ, ಡಾ. ಡಿ. ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಒಳಗೆಲ್ಲ ಡಿಡಿಟಿ ಸಿಂಪಡಿಸಿದರು. ಜ್ವರ ಇಳಿಯಿತು. ಅಂದು ಉಳಿದ ಕೂಸುಗಳ ಮೊಮ್ಮಕ್ಕಳು ಇಂದು ಅದನ್ನು ಪಾಪವೆನ್ನಬೇಕೆ?

ಎಲ್ಲವನ್ನೂ ಕೊಲ್ಲುವವರು ಇನ್ನೊಂದನ್ನು ನೆನೆಯಲಿ. ಅದೇ ಡಿಡಿಟಿಯನ್ನು ಹೊಲಗದ್ದೆಗಳಲ್ಲಿ ಬಳಸಕೂಡದೆಂದು 1989ರಲ್ಲಿ ನಮ್ಮ ಸರಕಾರವೇ ನಿಷೇಧಿಸಬೇಕಾಯಿತು. ವೈರಿ ಯಾರು, ನಂಟ ಯಾರು ಎಂಬ ಗುರುತು ವಿಷಕ್ಕಿಲ್ಲ; ಎರಚುವ ಕೈಗಾದರೂ ಇರಬೇಕು.

ನಮ್ಮ ಹಿಂದಿನವರು ಹಿಂಸೆಯನ್ನು ಹೆಣದ ಲೆಕ್ಕದಿಂದ ಅಳೆಯಲಿಲ್ಲ. ಜನ್ನನ ಯಶೋಧರ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು; ಆದರೂ ಆ ಸಂಕಲ್ಪದ ಫಲವನ್ನು ಜನ್ಮಜನ್ಮಗಳಲ್ಲಿ ಉಂಡ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವಂತೂ ಹಿಂಸೆಯ ಲಕ್ಷಣದಲ್ಲೇ ಪ್ರಮಾದವನ್ನು ಸೇರಿಸಿದೆ: ಎಚ್ಚರಗೇಡಿಯಾಗಿ ಪ್ರಾಣ ಕಳೆಯುವುದೇ ಹಿಂಸೆ. ಈ ಒರೆಗಲ್ಲಿಗೆ ತಿಕ್ಕಿ ನೋಡಿ. ನೋಡದೆ ಎರಚುವುದೂ ಪ್ರಮಾದ, ತೊಟ್ಟಿ ಮುಚ್ಚದೆ ದಯೆಯನ್ನು ಬೋಧಿಸುವುದೂ ಪ್ರಮಾದ. ಒಬ್ಬರ ಸೋಮಾರಿತನಕ್ಕೆ ಶೌರ್ಯದ ವೇಷ, ಇನ್ನೊಬ್ಬರದಕ್ಕೆ ಕರುಣೆಯ ವೇಷ.

ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಿಚ್ಚಲು ಸುಮಾರು ಎಂಟು ಹತ್ತು ದಿನ ಬೇಕು. ತೊಟ್ಟಿಗೆ ಬಿಗಿಯಾದ ಮುಚ್ಚಳ ಹಾಕಿ, ತೆಂಗಿನ ಗೆರಟೆಗಳನ್ನು ಬೋರಲಿಟ್ಟು, ಹೂಕುಂಡದ ತಟ್ಟೆಯನ್ನು ವಾರಕ್ಕೊಮ್ಮೆ ಒಣಗಿಸಿದರೆ ಅಹಿಂಸೆಗೂ ಆರೋಗ್ಯಕ್ಕೂ ಜಗಳವೇ ಇಲ್ಲ. ಹುಟ್ಟದ ಸೊಳ್ಳೆಯನ್ನು ಯಾರೂ ಕೊಲ್ಲಬೇಕಾಗಿಲ್ಲ.

ಅಷ್ಟಾದ ಮೇಲೂ ಮಗುವಿನ ಕೆನ್ನೆಯ ಮೇಲೆ ಬಂದು ಕೂತದ್ದನ್ನು ನಾನು ಹೊಡೆಯುತ್ತೇನೆ. ಅದರ ಪಾಪ ನನಗಿರಲಿ. ತೊಟ್ಟಿಯ ಪಾಪ ತೊಟ್ಟಿಯ ಯಜಮಾನರಿಗೆ.