ಕೇಳದೆ ಕಿತ್ತುಕೊಂಡ ಹಕ್ಕು

2025ರ ಡಿಸೆಂಬರ್ 16ರಂದು ಲೋಕಸಭೆಯಲ್ಲಿ ಒಂದು ಮಸೂದೆ ಮಂಡನೆಯಾಯಿತು. 18ರಂದು ಗದ್ದಲದ ನಡುವೆ ಪಾಸಾಯಿತು. ಅದೇ ರಾತ್ರಿ, ಹನ್ನೆರಡು ದಾಟಿದ ಮೇಲೆ, ರಾಜ್ಯಸಭೆ ಧ್ವನಿಮತದಲ್ಲಿ ಒಪ್ಪಿಕೊಂಡಿತು. 21ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಇಪ್ಪತ್ತು ವರ್ಷ ಹಳ್ಳಿಗಾಡಿನ ಕೂಲಿಯವರ ಕೈಯಲ್ಲಿದ್ದ ಉದ್ಯೋಗ ಖಾತ್ರಿ ಕಾಯ್ದೆಯನ್ನು ಎಬ್ಬಿಸಿ, ಆ ಜಾಗದಲ್ಲಿ ವಿಬಿ–ಜಿ ರಾಮ್ ಜಿ ಎಂಬ ಇನ್ನೊಂದು ಕಾಯ್ದೆಯನ್ನು ಕೂರಿಸಲು ಒಂದು ವಾರವೂ ಬೇಕಾಗಲಿಲ್ಲ.

ಅದು ಕೋಲಾರ ತಾಲ್ಲೂಕಿನ ಸುಗಟೂರು ಹೋಬಳಿಯಲ್ಲಿ ರಾಗಿ ಒಕ್ಕಣೆಯ ಕಾಲ. ಕಣದಲ್ಲಿ ಬೆನ್ನು ಬಗ್ಗಿಸಿದ್ದ ಹೆಂಗಸರನ್ನು ಯಾರೂ ಕೇಳಲಿಲ್ಲ. ಗ್ರಾಮಸಭೆಯನ್ನು ಕೇಳಲಿಲ್ಲ. ಸಂಸದೀಯ ಸಮಿತಿಗಾದರೂ ಕಳಿಸಿ ಎಂದ ವಿರೋಧ ಪಕ್ಷಗಳ ಮಾತೂ ನಡೆಯಲಿಲ್ಲ. ಸದನದ ಮುಂದೆ ಇಟ್ಟ ಪ್ರತಿ ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು. ಮನೆಯಲ್ಲಿ ತೆಲುಗು, ಪಂಚಾಯಿತಿಯಲ್ಲಿ ಕನ್ನಡ ಆಡುವ ನಮ್ಮ ಜನಕ್ಕೆ ತಮ್ಮ ಅನ್ನದ ಕಾನೂನನ್ನು ಓದುವ ಭಾಗ್ಯವೂ ಇರಲಿಲ್ಲ.

ಕಾನೂನು ಹೀಗೇ ಆಗಬೇಕೆಂದು ಯಾರೂ ವಿಧಿಸಿಲ್ಲ. ಹಳೆಯ ಕಾಯ್ದೆ ಹೇಗೆ ಹುಟ್ಟಿತ್ತು, ನೋಡಿ. 2004ರ ಡಿಸೆಂಬರ್‌ನಲ್ಲಿ ಮಂಡನೆಯಾದ ಆ ಮಸೂದೆ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿಗೆ ಹೋಯಿತು. ಅಧಿಕಾರದಲ್ಲಿದ್ದದ್ದು ಕಾಂಗ್ರೆಸ್ ಮುಂದಾಳತ್ವದ ಸರ್ಕಾರ. ಸಮಿತಿಯ ಅಧ್ಯಕ್ಷರು ಬಿಜೆಪಿಯ ಕಲ್ಯಾಣ್ ಸಿಂಗ್. ಮಸೂದೆಯ ಮೊದಲ ರೂಪ ಬಡತನದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಕೆಲಸ ಎನ್ನುತ್ತಿತ್ತು. ಆ ಪಟ್ಟಿ ಯಾರ ಜಗಲಿಯ ಮೇಲೆ ತಯಾರಾಗುತ್ತದೆ, ಅದರಿಂದ ಯಾರ ಹೆಸರು ಬಿಟ್ಟುಹೋಗುತ್ತದೆ ಎನ್ನುವುದು ನಮ್ಮ ಕೇರಿಗಳಿಗೆ ಗೊತ್ತು. ಸಮಿತಿಯ ಕೆಲಸದಿಂದ, ಬೀದಿಯಲ್ಲಿದ್ದ ಸಂಘಟನೆಗಳ ಒತ್ತಾಯದಿಂದ ಆ ಬೇಲಿ ಬಿತ್ತು. 2005ರ ಆಗಸ್ಟ್‌ನಲ್ಲಿ ಎರಡೂ ಸದನಗಳು ಒಪ್ಪಿದಾಗ, ಕೈಕೆಸರು ಮಾಡಿಕೊಳ್ಳಲು ಸಿದ್ಧವಿರುವ ಹಳ್ಳಿಯ ಯಾವ ಮನೆಯಾದರೂ ಕೆಲಸ ಕೇಳಬಹುದು ಎಂದಾಗಿತ್ತು. ಎಂಟು ತಿಂಗಳು ಹಿಡಿಯಿತು. ಹಿಡಿಯಲಿ. ಆ ಎಂಟು ತಿಂಗಳಲ್ಲಿ ಸಿಕ್ಕಿದ್ದು ಕೋಟ್ಯಂತರ ಮನೆಗಳ ಹಕ್ಕು.

ಈಗ ಸಮಿತಿಗೆ ಕಳಿಸುವ ವ್ಯವಧಾನವೇ ಸತ್ತಿದೆ. 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳ ಮುಂದೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ ಅದು ಶೇ 16ಕ್ಕೆ ಬಿತ್ತು. ಮೂರು ಕೃಷಿ ಕಾಯ್ದೆಗಳಲ್ಲಿ ಎರಡನ್ನು 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಹೇಗೆ ಪಾಸು ಮಾಡಿದರೆಂದು ದೇಶ ನೋಡಿದೆ. ಮತಕ್ಕೆ ಹಾಕಿ ಎಂದು ಸದಸ್ಯರು ಕೂಗುತ್ತಿದ್ದರೂ ಧ್ವನಿಮತದಲ್ಲೇ ಮುಗಿಸಿದರು. ರೈತರು ದಿಲ್ಲಿಯ ಗಡಿಯಲ್ಲಿ ಒಂದು ವರ್ಷ ಕೂತ ಮೇಲೆ, 2021ರ ನವೆಂಬರ್ 29ರಂದು, ವಾಪಸು ಪಡೆದದ್ದೂ ಚರ್ಚೆಯಿಲ್ಲದೆಯೇ. ಕೊಡುವಾಗಲೂ ಮಾತಿಲ್ಲ, ಕಿತ್ತುಕೊಳ್ಳುವಾಗಲೂ ಮಾತಿಲ್ಲ ಎಂದರೆ ಆ ದೊಡ್ಡ ಕಟ್ಟಡ ಯಾಕೆ ಬೇಕು?

ಹೊಸ ಕಾಯ್ದೆಯಲ್ಲಿ ಗಾಂಧಿಯ ಹೆಸರು ಹೋಯಿತೆಂದು ಬಹಳ ಮಂದಿ ನೊಂದರು. ನನ್ನ ಸಿಟ್ಟು ಹೆಸರಿನದಲ್ಲ, ಹಣದ್ದು. ಹಳೆಯ ಕಾಯ್ದೆಯ ಜೀವ ಒಂದೇ ಕಡೆ ಇತ್ತು: ಕೂಲಿಯವರು ಮೊದಲು ಕೆಲಸ ಕೇಳುತ್ತಿದ್ದರು, ಹಣ ಅದರ ಹಿಂದೆ ಬರಬೇಕಿತ್ತು. ಫಾರಂ ನಂಬರ್ 6 ತುಂಬಿ ಪಂಚಾಯಿತಿಗೆ ಕೊಟ್ಟರೆ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಇಲ್ಲವಾದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಅಕುಶಲ ಕೂಲಿಯ ಪೂರ್ತಿ ಹಣ ಕೇಂದ್ರದ್ದಾಗಿತ್ತು. ಈಗ ಯಾವ ರಾಜ್ಯಕ್ಕೆ ಎಷ್ಟು ಹಣ ಎಂದು ಕೇಂದ್ರವೇ ಮೊದಲು ಗೆರೆ ಎಳೆಯುತ್ತದೆ. ಆ ಗೆರೆಯೊಳಗಿನ ಖರ್ಚಿನಲ್ಲಿ ಶೇ 40 ಕರ್ನಾಟಕದಂಥ ರಾಜ್ಯದ ತಲೆಗೆ, ಗೆರೆ ದಾಟಿದ್ದೆಲ್ಲ ಪೂರ್ತಿ ರಾಜ್ಯದ ತಲೆಗೆ. ಕೆಲಸ ಕೇಳುವವರು ಎಷ್ಟು ಮಂದಿ ಎನ್ನುವುದನ್ನು ಬರಗಾಲ ಹೇಳುತ್ತಿತ್ತು. ಇನ್ನು ಮುಂದೆ ದಿಲ್ಲಿಯ ಕಡತ ಹೇಳುತ್ತದೆ. 125 ದಿನ ಕೊಡುತ್ತೇವೆ ಎಂದು ಬರೆದಿದ್ದಾರೆ. 100 ದಿನ ಎಂದಿದ್ದಾಗಲೇ 2024–25ರಲ್ಲಿ ದೇಶದ ಸರಾಸರಿ ಒಂದು ಮನೆಗೆ ಸುಮಾರು 50 ದಿನ. ಹಣವನ್ನು ಕಟ್ಟಿಹಾಕಿ ದಿನಗಳನ್ನು ಹೆಚ್ಚಿಸುವುದು ಬಡವರಿಗೆ ಮಾಡುವ ಮೋಸ.

ಇದೇ ಕೇಂದ್ರ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಕರ್ನಾಟಕಕ್ಕೆ ತೆರಿಗೆ ಪಾಲನ್ನು ಶೇ 4.713ರಿಂದ 3.647ಕ್ಕೆ ಇಳಿಸಿತ್ತು. ಪಾಲು ಇಳಿಸಿ ಹೊರೆ ಏರಿಸಿದರೆ ಅದು ಕೊನೆಗೆ ಇಳಿಯುವುದು ಕೆರೆ ಹೂಳೆತ್ತುವವರ ಬೆನ್ನ ಮೇಲೆ. ಹಣದ ಹಗ್ಗ ದಿಲ್ಲಿಯ ಕೈಯಲ್ಲಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಪಶ್ಚಿಮ ಬಂಗಾಳ ಸಾಕ್ಷಿ. ಅಕ್ರಮದ ಕಾರಣ ಕೊಟ್ಟು 2022ರ ಮಾರ್ಚ್‌ನಿಂದ ಅಲ್ಲಿ ಉದ್ಯೋಗ ಖಾತ್ರಿ ಹಣ ನಿಲ್ಲಿಸಿದರು. ಕಳ್ಳತನ ಮಾಡಿದವರು ಯಾರೋ, ಹಸಿವಿನ ಶಿಕ್ಷೆ ಕೂಲಿಯವರಿಗೆ. ಅದೂ ಹಳೆಯ ಕಾಯ್ದೆ ಇದ್ದಾಗಲೇ.

ಇನ್ನೊಂದು ಸಾಲು ಹೊಸ ಕಾಯ್ದೆಯಲ್ಲಿದೆ. ಅದನ್ನು ಓದಿದಾಗ ನನ್ನ ರಕ್ತ ಕುದಿಯಿತು. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಈ ಕೆಲಸ ನಡೆಸುವಂತಿಲ್ಲ. ಜಮೀನಿನವರಿಗೆ ಆಳು ಸಿಗಬೇಕಂತೆ. ಸುಗಟೂರು ಪಾಳೇಗಾರರು ಕೋಲಾರ, ಹೊಸಕೋಟೆಗಳನ್ನು ಆಳಿದ ಸೀಮೆ ಇದು. ಆಳುವವರ ಜಮೀನಿನಲ್ಲಿ ಆಳಾಗಿ ದುಡಿದವರ ಮೊಮ್ಮಕ್ಕಳು ಇನ್ನೂ ಇಲ್ಲೇ ಇದ್ದಾರೆ. ಉದ್ಯೋಗ ಖಾತ್ರಿ ಅವರಿಗೆ ಕೊಟ್ಟದ್ದು ಬರೀ ಕೂಲಿಯನ್ನಲ್ಲ, ಕೂಲಿ ಕೇಳುವ ಬಾಯಿಯನ್ನು. 2025–26ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ, ಗಂಡಸಿಗೂ ಹೆಂಗಸಿಗೂ ಒಂದೇ. ಟೊಮೆಟೊ ತೋಟಕ್ಕೆ ಕರೆಯಲು ಬಂದವರಿಗೆ 'ಅಲ್ಲಿ ಇಷ್ಟು ಕೊಡ್ತಾರಣ್ಣ, ನೀವೆಷ್ಟು ಕೊಡ್ತೀರಿ?' ಎಂದು ದಲಿತ ಕೇರಿಯ ಹೆಣ್ಣುಮಗಳು ಕೇಳಬಹುದಾಗಿದ್ದು ಆ ಬಲದಿಂದ. ಕೂಲಿಗೆ ಬೆಲೆ ಬರುವ 60 ದಿನಗಳಲ್ಲೇ ಆ ಬಲವನ್ನು ಕಿತ್ತುಕೊಂಡರೆ ಉಳಿಯುವುದು ಹಳೆಯ ಕಾಲದ ಹಂಗು. ಈ ಸಾಲಿನ ಮೇಲೆ ವಾರಗಟ್ಟಲೆ ಚರ್ಚೆ ನಡೆಯಬೇಕಿತ್ತು. ಸಮಿತಿಯವರು ಕೋಲಾರಕ್ಕೆ ಬಂದು ಕೂಲಿಯವರ ಎದುರು ಕೂರಬೇಕಿತ್ತು.

ಕಾನೂನಿನ ಗತಿ ಇದಾದರೆ ಬೊಕ್ಕಸದ ಗತಿ ಇನ್ನೂ ಕೆಟ್ಟದ್ದು. ಸಂವಿಧಾನದ 114ನೇ ವಿಧಿಯ ಪ್ರಕಾರ, ಸಂಸತ್ತು ಧನವಿನಿಯೋಗ ಮಸೂದೆಯನ್ನು ಒಪ್ಪದೆ ಭಾರತದ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಪ್ರತಿ ಇಲಾಖೆ ತನ್ನ ಅನುದಾನದ ಬೇಡಿಕೆಯನ್ನು ಲೋಕಸಭೆಯ ಮುಂದಿಡಬೇಕು. ಇಲಾಖೆಯ ನೀತಿ ಜನವಿರೋಧಿ ಎನಿಸಿದರೆ ಅದರ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎಂದು ಯಾವ ಸದಸ್ಯರಾದರೂ ಕಡಿತ ಸೂಚನೆ ಕೊಡಬಹುದು. ಎಂಥ ಆಯುಧ! ಅದು ಮೂಲೆಯಲ್ಲಿ ತುಕ್ಕು ಹಿಡಿದಿದೆ. ನೂರರಷ್ಟು ಬೇಡಿಕೆಗಳಲ್ಲಿ ಬೆರಳೆಣಿಕೆಯ ಇಲಾಖೆಗಳು ಮಾತ್ರ ಚರ್ಚೆಗೆ ಬರುತ್ತವೆ. ಗಡುವಿನ ದಿನ ಬಂದಾಗ ಉಳಿದವನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಇದಕ್ಕೆ ಗಿಲೊಟಿನ್ ಎನ್ನುತ್ತಾರೆ. 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್ಟಿನ ಬೇಡಿಕೆಗಳು ಒಂದು ಇಲಾಖೆಯ ಚರ್ಚೆಯೂ ಇಲ್ಲದೆ ನಿಮಿಷಗಳಲ್ಲಿ ಪಾಸಾದವು. ಆ ಹಣ ಯಾರದು? ಚಪ್ಪಲಿಗೆ, ಸೋಪಿಗೆ, ಬೆಂಕಿಪೊಟ್ಟಣಕ್ಕೆ, ಮೊಬೈಲ್ ರೀಚಾರ್ಜಿಗೆ ಜಿಎಸ್‌ಟಿ ಕಟ್ಟುವ ಸುಗಟೂರಿನ ಕೂಲಿಯವರದೂ ಹೌದು.

2018ರ ಮಾರ್ಚ್ 14ರಂದೂ ಹೀಗೇ ಆಯಿತು. ಅಂದು ಅರ್ಧ ಗಂಟೆಯ ಆಸುಪಾಸಿನಲ್ಲಿ ಬಜೆಟ್ ಮುಗಿಸಿದ ಸದನ, ಹಣಕಾಸು ಮಸೂದೆಯೊಳಗೆ ಸೇರಿಸಿದ್ದ ಒಂದು ತಿದ್ದುಪಡಿಯನ್ನೂ ಒಪ್ಪಿತು. ರಾಜಕೀಯ ಪಕ್ಷಗಳು ವಿದೇಶಿ ಮೂಲದ ಕಂಪನಿಗಳಿಂದ ಪಡೆದಿದ್ದ ದೇಣಿಗೆಗೆ 1976ರ ಆಗಸ್ಟ್ 5ರಿಂದಲೇ ಪೂರ್ವಾನ್ವಯವಾಗಿ ರಕ್ಷಣೆ ಕೊಡುವ ತಿದ್ದುಪಡಿ ಅದು. ದೇಣಿಗೆ ಪಡೆದ ದೊಡ್ಡ ಪಕ್ಷಗಳಿಗೆಲ್ಲ ಅದು ಬೇಕಿತ್ತು. ಪಕ್ಷದ ಖಜಾನೆಗೆ ನಲವತ್ತು ವರ್ಷ ಹಿಂದಕ್ಕೆ ಹೋಗಿ ಕ್ಷಮೆ ಕೊಡಬಲ್ಲ ಈ ಸದನಕ್ಕೆ, ತಿಂಗಳುಗಟ್ಟಲೆ ತಡವಾದ ಕೂಲಿಯ ಬಗ್ಗೆ ಒಂದು ಮಧ್ಯಾಹ್ನ ಮಾತಾಡಲು ಪುರುಸೊತ್ತಿಲ್ಲ.

ಭಾಷಣದಲ್ಲಿ ಘೋಷಿಸಿದ್ದೆಲ್ಲ ಹಣವಾಗುವುದಿಲ್ಲ ಎನ್ನುವುದನ್ನು ನಮ್ಮ ಜಿಲ್ಲೆ ಚೆನ್ನಾಗಿ ಬಲ್ಲದು. 2012–13ರ ರೈಲ್ವೆ ಬಜೆಟ್ಟಿನಲ್ಲಿ ಕೋಲಾರಕ್ಕೆ ರೈಲು ಬೋಗಿ ಕಾರ್ಖಾನೆ ಎಂದರು. 2014ರಲ್ಲಿ ಶ್ರೀನಿವಾಸಪುರದಲ್ಲಿ ಅಡಿಗಲ್ಲೂ ಬಿತ್ತು. ಅಲ್ಲಿಂದ ಒಂದು ಬೋಗಿಯೂ ಹೊರಬರಲಿಲ್ಲ. ಕೆಜಿಎಫ್‌ನ ಗಣಿಯನ್ನು 2001ರಲ್ಲಿ ಮುಚ್ಚಿದ ಮೇಲೆ ಕೆಲಸಕ್ಕೆ ಬಾಯಿ ಬಿಡುತ್ತಿರುವ ಜಿಲ್ಲೆಯಲ್ಲಿ ಎಷ್ಟು ಹುಡುಗರು ಆ ಕಲ್ಲನ್ನು ನಂಬಿದ್ದರೋ. ಭದ್ರಾ ಮೇಲ್ದಂಡೆಗೆ 5,300 ಕೋಟಿ ಎಂದು 2023–24ರ ಬಜೆಟ್ಟಿನಲ್ಲಿ ಓದಿದರು. ಆ ವರ್ಷ ಆ ಹಣ ರಾಜ್ಯಕ್ಕೆ ಬರಲಿಲ್ಲ.

ಬೆಂಗಳೂರಿನ ಸರ್ಕಾರವನ್ನೂ ಬಿಡುವುದಿಲ್ಲ. ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಹಣ ಅವರಿಗೇ ಖರ್ಚಾಗಬೇಕೆಂದು ಕರ್ನಾಟಕ 2013ರಲ್ಲಿ ಕಾಯ್ದೆ ಮಾಡಿತು. ದಲಿತ ಚಳವಳಿ ಕೂಗಿ ಕೂಗಿ ಪಡೆದ ಕಾಯ್ದೆ. ಅದರ 7(ಡಿ) ಎಂಬ ಕಿಂಡಿಯಿಂದ ಹಣ ಸೋರುತ್ತಿತ್ತು. 2023ರಲ್ಲಿ ಅದನ್ನು ಮುಚ್ಚಿದರು, ಒಳ್ಳೆಯದೇ. ಆದರೆ ಅದೇ ವರ್ಷ ಆ ನಿಧಿಯಿಂದ 11,000 ಕೋಟಿಗೂ ಹೆಚ್ಚು ಹಣವನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ತೋರಿಸಿದರು. ಗ್ಯಾರಂಟಿ ಬೇಕು, ನಮ್ಮ ತಾಯಂದಿರಿಗೆ ಅದರಿಂದ ಉಸಿರು ಬಂದಿದೆ. ದಲಿತರ ಪಾಲಿನಿಂದ ತೆಗೆದು ಕೊಡುವುದು ಬೇಡ.

ಕೋಲಾರ ಲೋಕಸಭೆಯ ಮೀಸಲು ಕ್ಷೇತ್ರ. ಕೇರಿಯ ದನಿ ಸಂಸತ್ತಿನಲ್ಲಿ ಕೇಳಲಿ ಎಂದೇ ಆ ಮೀಸಲು. ಆದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದಂದಿನಿಂದ ಪಕ್ಷದ ವಿಪ್ ಮೀರಿ ಮತ ಹಾಕಿದವರ ಸ್ಥಾನವೇ ಹೋಗಬಹುದು. ಇದು ನಿಜವಾದ ಕಟ್ಟು, ಒಪ್ಪುತ್ತೇನೆ. ಆದರೆ ಮಾತಾಡುವುದಕ್ಕೆ ಆ ಕಾಯ್ದೆ ಅಡ್ಡಿ ಮಾಡಿಲ್ಲ. ಪ್ರಶ್ನೆ ಕೇಳುವುದಕ್ಕೆ, ಕಡಿತ ಸೂಚನೆ ಕೊಡುವುದಕ್ಕೆ, ಸಮಿತಿಗೆ ಕಳಿಸಿ ಎಂದು ಎದ್ದು ನಿಲ್ಲುವುದಕ್ಕೆ ಯಾವ ವಿಪ್ಪೂ ಬಾಯಿಗೆ ಬೀಗ ಹಾಕಿಲ್ಲ.

ಆದ್ದರಿಂದ ಸುಗಟೂರಿನ, ಹೋಳೂರಿನ, ನರಸಾಪುರದ ಗ್ರಾಮಸಭೆಗಳು ಠರಾವು ಬರೆಯಲಿ: 60 ದಿನದ ನಿಷೇಧ ತೆಗೆಯಿರಿ, ಕೂಲಿಯ ಪೂರ್ತಿ ಹಣ ಕೇಂದ್ರವೇ ಕೊಡಲಿ, ಕೆಲಸ ಕೇಳಿದಷ್ಟು ಹಣ ಬರಲಿ, ಕೂಲಿಗೆ ಸಂಬಂಧಿಸಿದ ಯಾವ ಮಸೂದೆಯೂ ಸಮಿತಿಗೆ ಹೋಗದೆ, ಕನ್ನಡದಲ್ಲಿ ನಮ್ಮ ಕೈಗೆ ಸಿಗದೆ ಪಾಸಾಗಬಾರದು. ಆ ಠರಾವನ್ನು ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಲಿ, ಒಂದು ಪ್ರತಿ ಸಂಸದರಿಗೆ ಹೋಗಲಿ. ಬಜೆಟ್ ಅಧಿವೇಶನದಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಬೇಡಿಕೆ ಮತಕ್ಕೆ ಬಂದ ದಿನ ಅವರು ಎದ್ದು ಮಾತಾಡಿದರೋ ಇಲ್ಲವೋ ಎನ್ನುವುದು ಲೋಕಸಭೆಯ ನಡಾವಳಿಯಲ್ಲಿ ಸಿಗುತ್ತದೆ. ಅದನ್ನು ತಂದು ಮುಂದಿನ ಗ್ರಾಮಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದೋಣ.