ನಾರಾಯಣಗುಡದ ಮೇಣದಬತ್ತಿಗೆ ಯಾರ ತಕರಾರು?

ನವೆಂಬರ್ 2ರಂದು ಹೈದರಾಬಾದಿನ ನಾರಾಯಣಗುಡ ಕ್ರೈಸ್ತ ಸ್ಮಶಾನದಲ್ಲಿ ಜನವೋ ಜನ. ಸಮಾಧಿಗಳನ್ನು ತೊಳೆದು, ಸುಣ್ಣ ಬಳಿದು, ಚೆಂಡುಹೂ ಸೇವಂತಿಗೆ ಹರಡಿ ಮೇಣದಬತ್ತಿ ಹಚ್ಚುತ್ತಾರೆ. ಕೆಲವರ ಕೈಯಲ್ಲಿ ಊದುಬತ್ತಿಯೂ ಇರುತ್ತದೆ. ತೆಲುಗಿನವರು ಇದಕ್ಕೆ ಇಟ್ಟ ಹೆಸರು ‘ಸಮಾಧುಲ ಪಂಡುಗ’, ಅಂದರೆ ಸಮಾಧಿಗಳ ಹಬ್ಬ. ಹತ್ತನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓಡಿಲೋ ಶುರುಮಾಡಿದ ಸಕಲ ಮೃತರ ಸ್ಮರಣೆಯ ದಿನವಿದು. ಲೆಕ್ಕಕ್ಕೆ ಕಥೋಲಿಕರ ದಿನ. ಆದರೆ ಹೂವು ಹಿಡಿದು ಬರುವವರಲ್ಲಿ ಸಿಎಸ್‌ಐ, ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮನೆಯವರೂ ಇರುತ್ತಾರೆ. ಅವರ ಸಭೆಗಳ ಬೋಧನೆಯ ಪ್ರಕಾರ ಸತ್ತವರಿಗೆ ಬದುಕಿರುವವರಿಂದ ಆಗಬೇಕಾದ್ದು ಏನೂ ಉಳಿದಿಲ್ಲ. ಅದು ಗೊತ್ತಿದ್ದೂ ಬರುತ್ತಾರೆ.

ಅದೇ ವಾರ ತೆಲುಗು ಯೂಟ್ಯೂಬಿನಲ್ಲಿ ಪ್ರೊಟೆಸ್ಟೆಂಟ್ ಬೋಧಕರ ಪ್ರಸಂಗಗಳು ಹರಿದಾಡುತ್ತವೆ. ಸಮಾಧಿಗಳ ಹಬ್ಬ ಬೈಬಲ್ಲಿನಲ್ಲಿದೆಯೇ? ಇಲ್ಲ. ಶುದ್ಧೀಕರಣ ಸ್ಥಳ ಬೈಬಲ್ಲಿನಲ್ಲಿದೆಯೇ? ಇಲ್ಲ. ಹಾಗಾದರೆ ಮೇಣದಬತ್ತಿ ಆರಿಸಿ ಮನೆಗೆ ನಡೆಯಿರಿ. ವಾದ ಇಷ್ಟೇ. ಇದಕ್ಕೆ ಕಥೋಲಿಕ ಉಪದೇಶಕರ ಉತ್ತರವೂ ಅಷ್ಟೇ ಸಿದ್ಧವಾಗಿರುತ್ತದೆ: ಇದೆ, ನಿಮ್ಮ ಬೈಬಲ್ಲಿನಿಂದ ನೀವೇ ಅದನ್ನು ತೆಗೆದುಹಾಕಿದ್ದೀರಿ. ಐನೂರು ವರ್ಷದ ಜಗಳ ಹೀಗೆ ಒಂದು ಮೇಣದಬತ್ತಿಯ ಮೇಲೆ ಬಂದು ಕೂತಿದೆ. ನಡುವೆ ಸಿಕ್ಕಿಬಿದ್ದಿರುವುದು ಹೋದ ವರ್ಷವಷ್ಟೇ ಗಂಡನನ್ನು ಮಣ್ಣುಮಾಡಿದ ಹೆಂಗಸು.

ಮೊದಲು ಸಿದ್ಧಾಂತ ಏನು ಹೇಳುತ್ತದೆ ಎಂಬುದು ಸ್ಪಷ್ಟವಾಗಲಿ, ಯಾಕೆಂದರೆ ಅದನ್ನು ವಿರೋಧಿಸುವವರು ಹೆಚ್ಚಾಗಿ ಅದರ ವ್ಯಂಗ್ಯಚಿತ್ರವನ್ನು ವಿರೋಧಿಸುತ್ತಾರೆ. ಶುದ್ಧೀಕರಣ ಸ್ಥಳ ಎಂದರೆ ಎರಡನೇ ಅವಕಾಶವಲ್ಲ, ಅರ್ಧ ನರಕವೂ ಅಲ್ಲ. ದೇವರ ಸ್ನೇಹದಲ್ಲೇ ಸತ್ತು, ಆದರೆ ಇನ್ನೂ ಪೂರ್ತಿ ಶುದ್ಧವಾಗದ ಆತ್ಮಗಳು ದೇವದರ್ಶನಕ್ಕೆ ಮೊದಲು ಶುದ್ಧಗೊಳ್ಳುತ್ತವೆ, ಅಲ್ಲಿರುವ ಯಾರೂ ಕೆಳಕ್ಕೆ ಬೀಳುವುದಿಲ್ಲ, ಬದುಕಿರುವವರ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ. ಬೆಂಕಿ, ಸರಪಳಿ, ಇಷ್ಟು ಸಾವಿರ ವರ್ಷ ಎಂಬ ಲೆಕ್ಕ, ಇವೆಲ್ಲ ಚಿತ್ರಕಾರರೂ ಪ್ರಸಂಗಿಗಳೂ ಸೇರಿಸಿದ್ದು. 1563ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆ ಈ ಬಗ್ಗೆ ಹೊರಡಿಸಿದ ಆದೇಶದಲ್ಲಿ ಬೆಂಕಿಯ ಮಾತೇ ಇಲ್ಲ. ಅದರ ಬದಲು ಬಿಷಪ್‌ಗಳಿಗೆ ಒಂದು ಎಚ್ಚರಿಕೆ ಇದೆ: ಜನರ ಮುಂದೆ ಸೂಕ್ಷ್ಮ ಗೊಂದಲಗಳನ್ನು ಬಿಚ್ಚಬೇಡಿ, ಕುತೂಹಲ ಕೆರಳಿಸುವುದನ್ನೂ ಹೊಲಸು ಲಾಭದ ವಾಸನೆ ಇರುವುದನ್ನೂ ತಡೆಯಿರಿ. ರೋಗ ಎಲ್ಲಿದೆ ಎಂದು ರೋಮಿಗೆ ಗೊತ್ತಿತ್ತು.

‘ಬೈಬಲ್ಲಿನಲ್ಲಿಲ್ಲ’ ಎಂಬ ವಾದಕ್ಕೆ ಬರೋಣ. ಯಾವ ಬೈಬಲ್ಲಿನಲ್ಲಿ? ಪ್ರೊಟೆಸ್ಟೆಂಟರ ಬೈಬಲ್ಲಿನಲ್ಲಿ 66 ಗ್ರಂಥಗಳು, ಕಥೋಲಿಕರದರಲ್ಲಿ 73. ಆ ಹೆಚ್ಚುವರಿ ಏಳರಲ್ಲಿ ಒಂದು ಮಕ್ಕಬಿಯರ ಎರಡನೇ ಗ್ರಂಥ. ಅದರ ಹನ್ನೆರಡನೇ ಅಧ್ಯಾಯದಲ್ಲಿ ಯುದ್ಧದಲ್ಲಿ ಮಡಿದ ಸೈನಿಕರಿಗಾಗಿ ಯೂದ ಮಕ್ಕಬಿಯ ಎರಡು ಸಾವಿರ ದ್ರಾಕ್ಮಾ ಬೆಳ್ಳಿ ಕೂಡಿಸಿ ಪಾಪಪರಿಹಾರ ಬಲಿಗೆಂದು ಜೆರುಸಲೇಮಿಗೆ ಕಳಿಸುತ್ತಾನೆ. ಯಾವ ಗ್ರಂಥ ದೇವರ ವಾಕ್ಯ ಎಂಬುದೇ ಜಗಳವಾಗಿರುವಾಗ, ತನ್ನ ಪಟ್ಟಿಯನ್ನು ತೋರಿಸಿ ‘ಇದರಲ್ಲಿಲ್ಲ’ ಎನ್ನುವುದು ವಾದವೇ ಅಲ್ಲ. ಹಾಗೆಂದು ಕಥೋಲಿಕರು ಬೀಗುವಂತೆಯೂ ಇಲ್ಲ. ಆ ಸೈನಿಕರ ಅಂಗಿಯೊಳಗೆ ಯಮ್ನಿಯದ ವಿಗ್ರಹಗಳ ತಾಯಿತ ಸಿಕ್ಕಿತ್ತು. ವಿಗ್ರಹಾರಾಧನೆ ಕಥೋಲಿಕ ಬೋಧನೆಯ ಪ್ರಕಾರ ಮಾರಕ ಪಾಪ, ಪಶ್ಚಾತ್ತಾಪವಿಲ್ಲದೆ ಸತ್ತರೆ ಶುದ್ಧೀಕರಣವೂ ಇಲ್ಲ. ಆ ಅಧ್ಯಾಯ ಶುದ್ಧೀಕರಣ ಸ್ಥಳವನ್ನು ತೋರಿಸುವುದಿಲ್ಲ. ಸತ್ತ ಗೆಳೆಯರನ್ನು ಕೈಬಿಡಲಾಗದ ಬದುಕಿರುವವರನ್ನು ತೋರಿಸುತ್ತದೆ. ಈ ಎರಡು ಬೇರೆ ಬೇರೆ ಸಂಗತಿಗಳು. ಹೈದರಾಬಾದಿನ ಬೋಧಕರು ಎಡವುವುದು ಇಲ್ಲೇ.

ಪೂರ್ವದ ಆರ್ಥೊಡಾಕ್ಸ್ ಸಭೆಗಳನ್ನು ನೋಡಿ. ಅವು ಸತ್ತವರಿಗಾಗಿ ಮೊದಲಿನಿಂದಲೂ ಪ್ರಾರ್ಥಿಸುತ್ತಾ ಬಂದಿವೆ, ಆದರೆ ಲ್ಯಾಟಿನ್ ಮಾದರಿಯ ಶುದ್ಧೀಕರಣ ಸ್ಥಳವನ್ನು ಒಪ್ಪಿಲ್ಲ. 1438-39ರಲ್ಲಿ ಫೆರಾರ ಮತ್ತು ಫ್ಲಾರೆನ್ಸಿನ ಮಹಾಸಭೆಯಲ್ಲಿ ಗ್ರೀಕರು ಇದರ ಮೇಲೆ ತಿಂಗಳುಗಟ್ಟಲೆ ವಾದಿಸಿದರು. ಸಿಕಂದರಾಬಾದಿನ ಮಲಯಾಳಿ ಆರ್ಥೊಡಾಕ್ಸ್ ಮನೆಯವರು ಇವತ್ತಿಗೂ ಮೃತರಿಗಾಗಿ ಪ್ರಾರ್ಥಿಸುತ್ತಾರೆ, ಆ ಸಿದ್ಧಾಂತದ ಹಂಗಿಲ್ಲದೆ. ಪ್ರಾರ್ಥನೆ ಹಳೆಯದು, ನಕ್ಷೆ ಹೊಸದು. ಫ್ರೆಂಚ್ ಇತಿಹಾಸಕಾರ ಜಾಕ್ ಲ ಗೋಫ್ 1981ರ ತನ್ನ ಪುಸ್ತಕದಲ್ಲಿ ‘ಪುರ್ಗತೋರಿಯಂ’ ಎಂಬ ನಾಮಪದ ಹುಟ್ಟಿದ್ದು 1170-80ರ ಸುಮಾರಿಗೆ ಎಂದು ತೋರಿಸಿದ. ಅದಕ್ಕೆ ಎಂಟು ಶತಮಾನ ಮೊದಲೇ, 387ರಲ್ಲಿ, ಸಂತ ಅಗಸ್ಟೀನನ ತಾಯಿ ಮೋನಿಕಾ ಓಸ್ತಿಯಾದಲ್ಲಿ ಸಾಯುವಾಗ ಕೇಳಿದ್ದು ತನ್ನನ್ನು ದೇವರ ಪೀಠದ ಬಳಿ ನೆನೆಯಿರಿ ಎಂದಷ್ಟೇ. ಮಗ ನೆನೆದ, ಅವಳ ಪಾಪಗಳ ಕ್ಷಮೆಗಾಗಿ ಬೇಡಿದ. ಅದನ್ನು ಬರೆದೂ ಇಟ್ಟ. ಪ್ರೊಟೆಸ್ಟೆಂಟ್ ಸೆಮಿನರಿಗಳಲ್ಲೂ ಆ ಪುಸ್ತಕವನ್ನು ಪ್ರೀತಿಯಿಂದ ಓದಿಸುತ್ತಾರೆ.

ಪ್ರೊಟೆಸ್ಟೆಂಟರ ಗಂಭೀರವಾದ ಆಕ್ಷೇಪ ಬೇರೆಯದು, ಅದನ್ನು ಹಗುರ ಮಾಡುವಂತಿಲ್ಲ. ಶಿಲುಬೆಯ ಮೇಲೆ ಎಲ್ಲವೂ ತೀರಿತು ಎಂದಾದರೆ, ಸತ್ತ ಮೇಲೆ ತೀರಿಸಲು ಇನ್ನೇನು ಬಾಕಿ? ಕ್ರಿಸ್ತನ ಬಲಿ ಸಾಲಲಿಲ್ಲವೇ? ಪಕ್ಕದ ಶಿಲುಬೆಯ ಕಳ್ಳನಿಗೆ ಯೇಸು ಅವತ್ತೇ ಪರಲೋಕದ ಮಾತು ಕೊಡಲಿಲ್ಲವೇ? ಇದು ಲೂಥರನ ಅನುಯಾಯಿಗಳ ಎದೆಯ ಪ್ರಶ್ನೆ. ಕಥೋಲಿಕರ ಉತ್ತರ: ಕ್ಷಮೆ ಬೇರೆ, ವಾಸಿಯಾಗುವುದು ಬೇರೆ. ಕುಡುಕ ಗಂಡನನ್ನು ಹೆಂಡತಿ ಮನಸಾರೆ ಕ್ಷಮಿಸುತ್ತಾಳೆ. ಕ್ಷಮೆ ಪೂರ್ತಿ, ಅದರಲ್ಲಿ ಕೊರತೆ ಇಲ್ಲ. ಆದರೆ ಅವನ ಕೈನಡುಕ ಆ ಸಂಜೆಗೇ ನಿಲ್ಲುವುದಿಲ್ಲ.

ಇದನ್ನು ಹೈದರಾಬಾದಿನ ಭಾಷೆಯಲ್ಲೇ ಕೇಳಬಹುದು. ನಲವತ್ತು ವರ್ಷ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂತು, ಮಗಳ ಮದುವೆಗೆ ಮಾತ್ರ ಜಾತಿ ನೋಡಿದ ಹಿರಿಯನೊಬ್ಬ ನಂಬಿಕೆಯಲ್ಲೇ ಸಾಯುತ್ತಾನೆ. ರೆಡ್ಡಿ, ಕಮ್ಮ, ಮಾಲ, ಮಾದಿಗ ಎಂಬ ಗೆರೆಗಳು ತೆಲುಗು ಸಭೆಗಳಲ್ಲಿ ಎಷ್ಟು ಗಟ್ಟಿ ಎಂಬುದು ಗುಟ್ಟೇನಲ್ಲ. ಹೈದರಾಬಾದಿನ ಆರ್ಚ್‌ಬಿಷಪ್ ಆಂಥನಿ ಪೂಲ 2022ರಲ್ಲಿ ಕಾರ್ಡಿನಲ್ ಆದಾಗ ಎಲ್ಲ ಪತ್ರಿಕೆಗಳೂ ‘ಮೊದಲ ದಲಿತ ಕಾರ್ಡಿನಲ್’ ಎಂದು ಬರೆದವು. ಭಾರತದ ಕಥೋಲಿಕ ಸಭೆಯಲ್ಲಿ ಆ ‘ಮೊದಲ’ ಬರಲು ಅಷ್ಟು ಕಾಲ ಬೇಕಾಯಿತು. ಜಾತಿ ಹೊತ್ತೇ ಸತ್ತ ಆ ಹಿರಿಯ ಹಾಗೇ ಪರಲೋಕಕ್ಕೆ ಹೋಗುತ್ತಾನೆಯೇ? ಯಾವ ಪಾಸ್ಟರೂ ಹೌದು ಎನ್ನಲಾರ. ಸಾವಿನ ಕ್ಷಣದಲ್ಲಿ ದೇವರು ಅವನನ್ನು ಬದಲಿಸುತ್ತಾನೆ ಎನ್ನುತ್ತಾರೆ. ಅಂದರೆ ಶುದ್ಧೀಕರಣ ಉಂಟು, ಕ್ಷಣಾರ್ಧದಲ್ಲಿ ಮುಗಿಯುತ್ತದೆ ಎಂದಷ್ಟೇ. ಇತ್ತ ಹದಿನಾರನೇ ಬೆನೆಡಿಕ್ಟ್ 2007ರ ವಿಶ್ವಪತ್ರದಲ್ಲಿ, ಸುಡುವ ಆ ಬೆಂಕಿ ಕ್ರಿಸ್ತನೇ, ಆ ಭೇಟಿಯ ಗಳಿಗೆಯನ್ನು ಈ ಲೋಕದ ಗಡಿಯಾರದಿಂದ ಅಳೆಯಲಾಗದು ಎಂಬ ವಿಚಾರಕ್ಕೆ ಮನ್ನಣೆ ಕೊಟ್ಟು ಬರೆದರು. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಹೇಳುವ, ಕೆಲಸವೆಲ್ಲ ಸುಟ್ಟುಹೋದರೂ ಬೆಂಕಿಯೊಳಗಿಂದ ಹಾದಂತೆ ತಾನು ಉಳಿಯುವ ಮನುಷ್ಯನ ಚಿತ್ರಕ್ಕೆ ಇದು ಹತ್ತಿರ. ಉಳಿದ ಭೇದ ಸಣ್ಣದಲ್ಲ. ಆದರೆ ಮೈಕಿನಲ್ಲಿ ಕೂಗುವಷ್ಟು ದೊಡ್ಡದೂ ಅಲ್ಲ.

ದುಡ್ಡಿನ ವಿಷಯದಲ್ಲಿ ಮಾತ್ರ ಪ್ರೊಟೆಸ್ಟೆಂಟರ ಮಾತು ನೂರಕ್ಕೆ ನೂರು ಸರಿ. 1517ರಲ್ಲಿ ಲೂಥರ್ ಎತ್ತಿದ ಪ್ರಶ್ನೆಗೆ ಇನ್ನೂ ತೃಪ್ತಿಕರ ಉತ್ತರ ಬಂದಿಲ್ಲ: ಪೋಪರಿಗೆ ಆತ್ಮಗಳನ್ನು ಬಿಡಿಸುವ ಅಧಿಕಾರವಿದ್ದರೆ, ಚರ್ಚು ಕಟ್ಟುವ ಹಣಕ್ಕಾಗಿ ಬಿಡಿಸುವ ಬದಲು ಪ್ರೀತಿಗಾಗಿ ಎಲ್ಲರನ್ನೂ ಒಮ್ಮೆಲೇ ಯಾಕೆ ಬಿಡಿಸಬಾರದು? ಕ್ಷಮಾಪತ್ರಗಳ ಮಾರಾಟ ನಿಂತು ಶತಮಾನಗಳಾದವು. ಇಷ್ಟು ದಿನ, ಇಷ್ಟು ವರ್ಷ ಎಂದು ರಿಯಾಯಿತಿ ಎಣಿಸುವುದನ್ನು ಆರನೇ ಪೌಲ್ 1967ರಲ್ಲಿ ತೆಗೆದುಹಾಕಿದರು. ಆದರೆ ಲೆಕ್ಕದ ಗುಣ ಪೂರ್ತಿ ಹೋಗಿಲ್ಲ. ಸತ್ತವರ ಹೆಸರಿನಲ್ಲಿ ಬಲಿಪೂಜೆಗೆ ಕಾಣಿಕೆ, ಮೂವತ್ತು ದಿನ ಬಿಡದೆ ಅರ್ಪಿಸುವ ಗ್ರೆಗೋರಿಯನ್ ಪೂಜೆಗಳಿಗೆ ಇನ್ನೂ ದೊಡ್ಡ ಮೊತ್ತ. ವ್ಯಾಪಾರದ ಛಾಯೆಯೂ ಇರಬಾರದು ಎಂದು ಚರ್ಚಿನ ಕಾನೂನೇ ಹೇಳುತ್ತದೆ. ಹಾಗಿದ್ದೂ ಗುರುಗಳ ಕೊರತೆ ಇರುವ ಅಮೆರಿಕ, ಯೂರೋಪಿನಿಂದ ಮೃತರ ಪೂಜೆಗಳ ಕೋರಿಕೆಗಳು ಕಾಣಿಕೆ ಸಮೇತ ಕೇರಳದ ಗುರುಗಳಿಗೆ ಬರುತ್ತಿರುವುದು 2004ರಲ್ಲಿ ಸುದ್ದಿಯಾದಾಗ, ಹೈದರಾಬಾದಿನ ಕಾಲ್ ಸೆಂಟರ್ ಹುಡುಗರಿಗೆ ಅದು ಯಾವ ಬಗೆಯ ಕೆಲಸ ಎಂದು ವಿವರಿಸಬೇಕಾದ ಅಗತ್ಯ ಇರಲಿಲ್ಲ. ಪೂಜೆಯನ್ನು ಮಾರುತ್ತಿಲ್ಲ, ಗುರುಗಳ ಜೀವನಕ್ಕೆ ನೆರವಾಗುತ್ತಿದ್ದೇವೆ ಎಂಬ ವಿವರಣೆ ಪುಸ್ತಕದಲ್ಲಿ ಸರಿ. ಧರ್ಮಕೇಂದ್ರದ ಕಚೇರಿಯ ಮೇಜಿನ ಮುಂದೆ ನಿಂತ ಮನೆಗೆಲಸದ ಹೆಂಗಸಿಗೆ ಕಾಣುವುದು ಉಳ್ಳವರ ಅಪ್ಪನಿಗೆ ಮೂವತ್ತು ಪೂಜೆ, ತನ್ನ ಅಪ್ಪನಿಗೆ ಒಂದು ಎಂಬುದೇ.

ಆದರೆ ಈ ಕಲ್ಲು ಎಸೆಯುವ ಕೈಗಳನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ 1547ರ ಕಾಯಿದೆ ಸತ್ತವರಿಗಾಗಿ ಪೂಜೆ ಸಲ್ಲಿಸುವ ದತ್ತಿಗಳನ್ನು ಮೂಢನಂಬಿಕೆ ಎಂದು ರದ್ದು ಮಾಡಿತು. ಆ ಆಸ್ತಿ ಹೋಗಿದ್ದು ರಾಜನ ಬೊಕ್ಕಸಕ್ಕೆ. ಇವತ್ತಿನ ಹೈದರಾಬಾದಿನಲ್ಲಿ ಶುದ್ಧೀಕರಣ ಸ್ಥಳವನ್ನು ಜರಿಯುವ ಕೆಲವು ವೇದಿಕೆಗಳ ಮೇಲಿಂದಲೇ ‘ಬೀಜದ ಕಾಣಿಕೆ ಬಿತ್ತಿ, ನೂರ್ಮಡಿ ಕೊಯ್ಯಿರಿ’ ಎಂಬ ಕರೆ ಬರುತ್ತದೆ, ಪರದೆಯ ಮೇಲೆ ಕ್ಯೂಆರ್ ಕೋಡ್ ಸಮೇತ. ಟೆಟ್ಸೆಲ್ ಸತ್ತ ತಾಯಿಯ ಬಿಡುಗಡೆಗೆ ನಾಣ್ಯ ಕೇಳಿದ. ಇವರು ಮಗನ ಅಮೆರಿಕ ವೀಸಾಕ್ಕೆ ಕೇಳುತ್ತಾರೆ. ಆ ಜರ್ಮನ್ ಸನ್ಯಾಸಿಯೇ ಮೇಲು ಎನ್ನಿಸುವ ಗಳಿಗೆಗಳೂ ಇವೆ.

ಇನ್ನು, ‘ಇದೆಲ್ಲ ಶ್ರಾದ್ಧ, ತದ್ದಿನದ ಇನ್ನೊಂದು ರೂಪ’ ಎಂಬ ಬೈಗುಳ. ಶ್ರಾದ್ಧವನ್ನು ಬಿಡಿ ಎಂದು ಮಿಷನರಿಗಳು ಹೇಳಿದ್ದು ನಿಜ. ಆದರೆ ಸಾವಿನ ಬಗ್ಗೆ ಸುಧಾರಕರು ಹೇಳಿದ್ದೂ ಜನ ಉಳಿಸಿಕೊಂಡಿದ್ದೂ ಎಲ್ಲ ಕಡೆ ಬೇರೆಯೇ. ಶರಣರು ಶ್ರಾದ್ಧವನ್ನು ಒಪ್ಪಲಿಲ್ಲ, ಲಿಂಗೈಕ್ಯನಾದವನಿಗೆ ಪಿಂಡವೇಕೆ ಎಂದರು. ಕಲಬುರಗಿ, ಬೀದರ್ ಕಡೆಯ ಲಿಂಗಾಯತ ಮನೆಗಳಲ್ಲಿ ಇವತ್ತೂ ಶಿವಗಣಾರಾಧನೆ ತಪ್ಪುವುದಿಲ್ಲ. ಹೈದರಾಬಾದಿನ ಮುಸ್ಲಿಮರಲ್ಲೂ ಇದೇ ಮೊಕದ್ದಮೆ ನಡೆಯುತ್ತಿದೆ. ಷಬ್-ಎ-ಬರಾತಿನ ರಾತ್ರಿ ಖಬ್ರಸ್ತಾನಗಳಿಗೆ ಹೋಗಿ ಫಾತೇಹಾ ಓದುವವರಿಗೂ, ಅದು ಧರ್ಮದಲ್ಲಿಲ್ಲದ ಸೇರ್ಪಡೆ ಎನ್ನುವ ಅಹ್ಲೆ ಹದೀಸ್ ಪಂಥದವರಿಗೂ ನಡೆಯುವ ವಾದದಲ್ಲಿ ಹೆಸರುಗಳನ್ನು ಬದಲಿಸಿದರೆ ಸಾಕು.

ಹೈದರಾಬಾದಿನ ಪ್ರೊಟೆಸ್ಟೆಂಟ್ ಬೋಧಕರು ತಮ್ಮದೇ ಹಿರಿಯರನ್ನು ಓದಿಲ್ಲ ಎಂಬುದು ಇಲ್ಲಿ ಎಲ್ಲಕ್ಕಿಂತ ದೊಡ್ಡ ದೂರು. ಲೂಥರ್ 1530ರಲ್ಲಿ ಶುದ್ಧೀಕರಣ ಸ್ಥಳದ ವಿರುದ್ಧ ಪುಸ್ತಕವನ್ನೇ ಬರೆದ. ಆದರೆ ಅದಕ್ಕೆ ಎರಡು ವರ್ಷ ಮೊದಲು, ಸತ್ತವರಿಗಾಗಿ ಸ್ವಂತ ಭಕ್ತಿಯಿಂದ ಒಂದೆರಡು ಬಾರಿ ಪ್ರಾರ್ಥಿಸುವುದು ಪಾಪವಲ್ಲ ಎಂದಿದ್ದ. ಮೆದಕ್ ಪ್ರದೇಶದ ಸಿಎಸ್‌ಐ ಸಭೆ ಬೆಳೆದಿದ್ದು ವೆಸ್ಲಿಯನ್ ಮೆಥಡಿಸ್ಟ್ ಮಿಷನರಿಗಳಿಂದ. 1924ರಲ್ಲಿ ಪ್ರತಿಷ್ಠೆಯಾದ ಮೆದಕ್ ಕೆಥೆಡ್ರಲ್ ಕಟ್ಟಿಸಿದ ಚಾರ್ಲ್ಸ್ ವಾಕರ್ ಪಾಸ್ನೆಟ್ ಅವರಲ್ಲೊಬ್ಬರು. ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ ನಂಬಿಕೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವುದನ್ನು ಬಹಿರಂಗವಾಗಿ ಸಮರ್ಥಿಸಿಕೊಂಡವನು. ಶವಸಂಸ್ಕಾರದ ಪ್ರಾರ್ಥನೆಯಲ್ಲಿ ಇರುವುದೂ ಅದೇ ಅಲ್ಲವೇ ಎಂದು ಆಕ್ಷೇಪಿಸಿದ ಬಿಷಪ್ಪನಿಗೇ ತಿರುಗಿ ಕೇಳಿದ. ಅಬಿಡ್ಸ್‌ನ ಸೇಂಟ್ ಜಾರ್ಜ್ ಚರ್ಚಿಗೆ ಮೂಲವಾದ ಆಂಗ್ಲಿಕನ್ ಸಭೆಯ 22ನೇ ವಿಧಿ ರೋಮನ್ನರ ಶುದ್ಧೀಕರಣ ಸಿದ್ಧಾಂತವನ್ನು ಹುರುಳಿಲ್ಲದ ಕಲ್ಪನೆ ಎಂದು ತಳ್ಳಿಹಾಕುತ್ತದೆ. ವೆಸ್ಲಿ 1784ರಲ್ಲಿ ಆ ವಿಧಿಗಳನ್ನು ಕತ್ತರಿಸಿ 24ಕ್ಕೆ ಇಳಿಸಿದಾಗಲೂ ಇದನ್ನು ಉಳಿಸಿಕೊಂಡ. ಬೀದರಿನ ಮೆಥಡಿಸ್ಟರ ವಿಧಿಗಳಲ್ಲಿ ಅದು ಇವತ್ತಿಗೂ ಇದೆ. ಆದರೆ ಆ ವಿಧಿ ಸತ್ತವರಿಗಾಗಿ ಪ್ರಾರ್ಥಿಸುವುದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. 1552ರ ಪ್ರಾರ್ಥನಾ ಪುಸ್ತಕದಿಂದ ಅಂಥ ಪ್ರಾರ್ಥನೆಗಳನ್ನು ಕಿತ್ತುಹಾಕಿದ ಇಂಗ್ಲೆಂಡಿನ ಸಭೆ, ಮೊದಲ ಮಹಾಯುದ್ಧದಲ್ಲಿ ಶವವೂ ಸಿಗದ ಮಕ್ಕಳ ತಾಯಂದಿರು ಎದುರು ನಿಂತಾಗ, ಅವನ್ನು ಮತ್ತೆ ಒಳಗೆ ಬಿಟ್ಟುಕೊಂಡಿತು.

ಹಾಗಾಗಿ ಸಿಎಸ್‌ಐ ಅಥವಾ ಮೆಥಡಿಸ್ಟ್ ಪಾಸ್ಟರೊಬ್ಬರು ನವೆಂಬರ್ 2ರಂದು ತಮ್ಮ ಜನರ ಜೊತೆ ಸಮಾಧಿಯ ಬಳಿ ನಿಂತು, ‘ಈ ನಮ್ಮ ತಾಯಿಯಲ್ಲಿ ನೀನು ಆರಂಭಿಸಿದ್ದನ್ನು ಪೂರ್ತಿಗೊಳಿಸು’ ಎಂದು ದೇವರನ್ನು ಬೇಡಿದರೆ, ಅವರ ಸಭೆಯ ಯಾವ ವಿಧಿಯೂ ಮುರಿಯುವುದಿಲ್ಲ. ಅದಕ್ಕೆ ಶುದ್ಧೀಕರಣ ಸ್ಥಳವನ್ನು ನಂಬಬೇಕಿಲ್ಲ. ಕಥೋಲಿಕರು ಮಾಡಬೇಕಾದ್ದೂ ಕಷ್ಟದ ಕೆಲಸವಲ್ಲ. ಕಚೇರಿಯ ಮೇಜಿನ ಮೇಲೆ ಮೃತರ ಪೂಜೆಗೆ ನಿಗದಿತ ಮೊತ್ತ ಕೇಳುವುದನ್ನು ಬಿಟ್ಟು, ಕೊಟ್ಟವರು ಕೊಡಲಿ, ಕೊಡದವರ ಹೆಸರನ್ನೂ ಅದೇ ಪುಸ್ತಕದಲ್ಲಿ ಅದೇ ಅಕ್ಷರದಲ್ಲಿ ಬರೆಯಲಿ. ಟ್ರೆಂಟ್ ಕೇಳಿದ್ದು ಇದನ್ನೇ, 1563ರಲ್ಲಿ.

ನಾರಾಯಣಗುಡದಲ್ಲೇ ಬಖ್ತ್ ಸಿಂಗ್ ಸಮಾಧಿಯೂ ಇದೆ. ಸಿಖ್ ಮನೆಯಲ್ಲಿ ಹುಟ್ಟಿ, ಹೈದರಾಬಾದಿನ ಹೆಬ್ರೋನಿನಿಂದ ದೇಶದುದ್ದಕ್ಕೂ ಸಭೆಗಳನ್ನು ಕಟ್ಟಿ, 2000ದ ಸೆಪ್ಟೆಂಬರಿನಲ್ಲಿ ತೀರಿಕೊಂಡವರು. ಅವರ ಸಭೆಗಳಲ್ಲಿ ಸಂತರ ಪಂಚಾಂಗವಿಲ್ಲ, ಮೃತರ ಪೂಜೆಯಿಲ್ಲ. ನಗರದಲ್ಲಿ ಸಮಾಧಿಗೆ ಜಾಗ ಸಾಲದೆ ಒಂದೇ ಗುಂಡಿಯನ್ನು ಮತ್ತೆ ತೆರೆದು ಮನೆಯವರನ್ನೇ ಒಬ್ಬರ ಮೇಲೊಬ್ಬರನ್ನು ಇಡುವ ಕಾಲ ಇದು. ಗಂಡ ಸಿಎಸ್‌ಐ, ಹೆಂಡತಿ ಕಥೋಲಿಕಳಾಗಿದ್ದ ಮನೆಗಳೂ ಕಡಿಮೆಯಿಲ್ಲ. ಅಂಥ ಒಂದು ಕಲ್ಲಿನ ಮುಂದೆ ಮಕ್ಕಳು ಬಂದು ನಿಂತಾಗ ಮೇಣದಬತ್ತಿ ಯಾರಿಗೆ, ಯಾರಿಗಲ್ಲ ಎಂದು ಕೇಳಲು ಹೋಗುವ ಬೋಧಕರು, ಆ ಮಕ್ಕಳನ್ನು ಎದುರಿಗೆ ನಿಂತೇ ಕೇಳಲಿ.