ದಪ್ಪವಾಗುತ್ತಿರುವ ಕಂಬಳಿ

ಮಾಗಿಯಲ್ಲಿ ಮೋಡ ಕವಿದ ರಾತ್ರಿ ಚಳಿ ಕಡಿಮೆ. ಇದು ನಮಗೆಲ್ಲ ಗೊತ್ತಿರೋದೇ. ಹಗಲು ಬಿಸಿಲಿಗೆ ಕಾದ ನೆಲ ಬಿಡುವ ಶಾಖವನ್ನು ಮೋಡ ತಡೆದು ಹಿಂದಕ್ಕೆ ಕಳಿಸುತ್ತೆ. ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್ ಮಾಡೋದೂ ಇದೇ ಕೆಲಸ. ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿರುತ್ತಿತ್ತು. ಕಂಬಳಿ ಬೇಕು, ಆದರೆ ಅತಿ ದಪ್ಪವಾದರೆ ಸೆಕೆ.

1750ರ ಹೊತ್ತಿಗೆ 10 ಲಕ್ಷ ಪಾಲು ಗಾಳಿಯಲ್ಲಿ ಸುಮಾರು 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ 2024ರಲ್ಲಿ 420 ದಾಟಿತ್ತು. ಮುಖ್ಯ ಕಾರಣ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಉರಿಸಿದ್ದು. ಅದರಲ್ಲಿ ಮಳೆ ನಂಬಿದ ಸಣ್ಣ ರೈತನ ಪಾಲು ತೀರಾ ಕಡಿಮೆ. ಬಿಸಿ ತಟ್ಟೋದು ಮಾತ್ರ ನಮ್ಮ ಹೊಲಕ್ಕೆ. ಹಾಗಂತ ಕೈಕಟ್ಟಿ ಕೂರಬೇಕೇ? ಕೂಳೆ, ಕಸಕಡ್ಡಿಗೆ ನಾನೂ ವರ್ಷಗಟ್ಟಲೆ ಬೆಂಕಿ ಇಟ್ಟವನೇ. ಈಗ ಬಿಟ್ಟಿದ್ದೇನೆ. ಅದನ್ನೇ ನೆಲಕ್ಕೆ ಹೊದಿಸಿದರೆ ಮಣ್ಣು ಕಾಯೋದಿಲ್ಲ, ತೇವ ನಾಲ್ಕು ದಿನ ಹೆಚ್ಚು ನಿಲ್ಲುತ್ತೆ. ನೀವೂ ಈ ವರ್ಷ ಒಂದೆಕರೆಯಲ್ಲಾದರೂ ಮಾಡಿ ನೋಡಿ.